ಗುಡ್ಡವಿದ್ದ ಜಾಗ

ಪರದೆಯ ಮೇಲೆ ಗೆರೆ ನಿಧಾನವಾಗಿ ಬಲಕ್ಕೆ ತೆವಳುತ್ತಿತ್ತು. ಸಂಶೋಧಕಿ ಕುರ್ಚಿಯ ತುದಿಗೆ ಬಂದು ಕೂತಿದ್ದಳು. ಅವಳ ಬೆನ್ನ ಹಿಂದೆ, ಬಾಗಿಲಲ್ಲಿ, ಗಾಜಿನ ಮೇಸ್ತ್ರಿ ತಮ್ಮ ಹತಾರಗಳ ಪೆಟ್ಟಿಗೆ ಹಿಡಿದು ನಿಂತಿದ್ದರು.

“ನೋಡೋದೇನಿದೆ, ಇವತ್ತೂ ಗುಡ್ಡ ಬರುತ್ತೆ,” ಎಂದರು ಮೇಸ್ತ್ರಿ. “ಇಪ್ಪತ್ತೆಂಟು ವರ್ಷ ಬೆಂಕಿ ಹಿಡಿದ ಕೈ. ಅದು ಕೆಟ್ಟಿದೆ ಅಂತ ಯಂತ್ರವೇ ಹೇಳಿದ ಮೇಲೆ ಮುಗೀತು. ನಾನು ಹೊರಟೆ ಕಣಮ್ಮ.”

“ಎರಡು ನಿಮಿಷ ಮೇಸ್ತ್ರೀ. ನಿಮಗೆ ಕೈ ಮುಗೀತೀನಿ.”

ಜರ್ಮೇನಿಯಂ, ಸೆಲೆನಿಯಂ ಎರಡನ್ನೂ ಗಾಜಿನ ಕೊಳವೆಗೆ ತುಂಬಿ, ಗಾಳಿಯನ್ನೆಲ್ಲ ಹೀರಿ ತೆಗೆದ ಮೇಲೆ, ಕೊಳವೆಯ ಬಾಯಿಯನ್ನು ಬೆಂಕಿಯಲ್ಲಿ ಕರಗಿಸಿ ಮುಚ್ಚುವುದು ಮೇಸ್ತ್ರಿಯ ಕೆಲಸ. ಆಮೇಲೆ ಅದು ಕುಲುಮೆಯಲ್ಲಿ ಕರಗಿ, ಇದ್ದಿಲ ತುಂಡಿನಂಥ ಕಪ್ಪು ಗಾಜಾಗುತ್ತದೆ. ಕಣ್ಣಿಗೆ ಕಾಣದ ಬೆಳಕು ಮಾತ್ರ ಅದರೊಳಗೆ ಸಲೀಸಾಗಿ ಹಾದುಹೋಗುತ್ತದೆ. ಗಾಜಿನೊಳಗೆ ಪರಮಾಣುಗಳು ಕೈಕೈ ಹಿಡಿದು ಸದಾ ಕಂಪಿಸುತ್ತಿರುತ್ತವೆ. ಒಂದೊಂದು ಜೋಡಿಯೂ ತನ್ನ ಕಂಪನಕ್ಕೆ ತಕ್ಕ ಬೆಳಕನ್ನಷ್ಟೇ ಕುಡಿಯುತ್ತದೆ. ಕುಡಿದ ಕಡೆ ಯಂತ್ರದ ಪರದೆಯ ಮೇಲಿನ ಗೆರೆ ಗುಡ್ಡದ ಹಾಗೆ ಏಳುತ್ತದೆ. ಐದು ತಿಂಗಳಿಂದ ಕರೆಯದೇ ಬಂದ ನೆಂಟನೊಬ್ಬ ಅಲ್ಲಿ ಬೀಡುಬಿಟ್ಟಿದ್ದ, ಆಮ್ಲಜನಕ. ಬೆಸುಗೆ ಸೋರಿ ಗಾಳಿ ಒಳಗೆ ಹೋಗಿದೆ ಎಂದು ಮೊದಲು ಹೇಳಿದವಳು ಸಂಶೋಧಕಿಯೇ. ಗೋಡೆಗೆ ಅಂಟಿಸಿದ ಒಂದೊಂದು ಹಾಳೆಯಲ್ಲೂ ಗುಡ್ಡದ ಪಕ್ಕ ಕೆಂಪು ಬಾಣ ಹಾಕಿ ‘ಮೇಸ್ತ್ರಿ ಬೆಸುಗೆ?’ ಎಂದು ಬರೆದಿದ್ದಳು. ಮೇಸ್ತ್ರಿ ದಿನವೂ ಅದನ್ನು ದಾಟಿಯೇ ಚಹಾಕ್ಕೆ ಹೋಗಬೇಕಿತ್ತು.

ಗೆರೆ ಆ ಜಾಗಕ್ಕೆ ಬಂತು. ಏಳಲಿಲ್ಲ. ಏರುಪೇರಿಲ್ಲದೆ ನೆಟ್ಟಗೆ ಮುಂದೆ ಹೋಯಿತು.

ಅವಳು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಉರುಳಿ ಬೀರುವಿಗೆ ಬಡಿಯಿತು. “ಬನ್ನಿ ಮೇಸ್ತ್ರೀ, ಬಂದು ನೋಡಿ.”

ಮೇಸ್ತ್ರಿ ಕನ್ನಡಕ ಏರಿಸಿಕೊಂಡು ಬಗ್ಗಿದರು. “ಇಲ್ಲೇನೂ ಇಲ್ವಲ್ಲ.”

“ಅದೇ. ಏನೂ ಇಲ್ಲ.”

“ಇದರ ಕೊಳವೆ ಮುಚ್ಚಿದ್ದು ಯಾರು?”

“ನೀವೇ. ಹೋದ ವಾರ, ಇದೇ ಕೊನೇದು ಅಂತ ಬೈಕೊಂಡು ಮುಚ್ಚಿಕೊಟ್ರಲ್ಲ, ಅದೇ. ತಪ್ಪು ನಿಮ್ಮ ಕೈಯದ್ದಲ್ಲ, ನಂದು. ಕೊಳವೆ ತೊಳೆದ ಮೇಲೆ ತೇವ ಹೋಗೋಕೆ ಒಲೇಲಿ ಎಂಟು ಗಂಟೆ ಕಾಯಿಸ್ಬೇಕು. ನಾನು ಅವಸರಕ್ಕೆ ಎರಡೇ ಗಂಟೆಗೆ ತೆಗೀತಿದ್ದೆ. ಉಳಿದ ತೇವದಿಂದಲೇ ಆಮ್ಲಜನಕ ಸೇರ್ಕೊಳ್ತಿತ್ತು. ಹಳೇ ನೋಟ್‌ಬುಕ್ ತಿರುವಿ ಹಾಕಿದೆ. ನಾನು ಹಾಗೆ ಬೇಗ ತೆಗೆಯೋಕೆ ಹತ್ತಿದ ವಾರವೇ ಗುಡ್ಡ ಶುರುವಾಗಿದ್ದು. ಈ ಸಲ ಎಂಟು ಗಂಟೆ ಕಾಯಿಸಿದೆ, ನಿಮಗೆ ಹೇಳ್ಲಿಲ್ಲ ಅಷ್ಟೆ.”

ತಪ್ಪು ತನ್ನದೇ ಎಂದು ಗೊತ್ತಾಗಿ ಇಷ್ಟು ಸಂತೋಷಪಟ್ಟವರನ್ನು ಮೇಸ್ತ್ರಿ ನೋಡಿರಲಿಲ್ಲ. ಅವಳ ಮುಖ ಊರಗಲ ಅರಳಿತ್ತು, ಕಣ್ಣಲ್ಲಿ ನೀರೂ ಇತ್ತು. ಅವರು ಪೆಟ್ಟಿಗೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಐದು ತಿಂಗಳ ಭಾರ ಅದರ ಜೊತೆಗೇ ಇಳಿಯಿತು.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,” ಎಂದು ನಗತೊಡಗಿದರು. ನಕ್ಕು ನಕ್ಕು ಕೆಮ್ಮು ಬಂತು.

“ಅನ್ನಿ, ಇನ್ನೂ ನಾಲ್ಕು ಅನ್ನಿ. ಹೊಟ್ಟೆಗೆ ಹಾಕ್ಕೊಂಡ್ರೆ ಸಾಕು.”

“ಹಾಕ್ಕೊಂಡೆ ಬಿಡು. ಈ ಗೆರೆಯನ್ನ ಹಾಳೆ ಮೇಲೆ ತೆಗಿ ಮೊದಲು.”

ಮುದ್ರಣ ಯಂತ್ರದಿಂದ ಹಾಳೆ ಬೆಚ್ಚಗೆ ಹೊರಬಂತು. ಮೇಸ್ತ್ರಿ ಅದನ್ನು ಮೇಜಿನ ಮೇಲೆ ಹರವಿ, ಗೆರೆ ನೆಟ್ಟಗಿದ್ದ ಕಡೆ ಬೆರಳಿಟ್ಟರು.

“ಗುಡ್ಡ ಬಂದಾಗೆಲ್ಲ ನನ್ನ ಹೆಸರು ಬರೀತಿದ್ದೆ. ಈಗ ಬಯಲಾಗಿದೆ. ಇಲ್ಲೂ ಬರಿ.”

ಅವಳು ಅದೇ ಕೆಂಪು ಪೆನ್ನು ಎತ್ತಿಕೊಂಡು ಬಾಣ ಎಳೆದಳು, ‘ಮೇಸ್ತ್ರಿ ಬೆಸುಗೆ’ ಎಂದು ದುಂಡಗೆ ಬರೆದಳು. ಈ ಸಲ ಮುಂದೆ ಪ್ರಶ್ನೆಯ ಗುರುತು ಹಾಕಲಿಲ್ಲ.