ನಾಲ್ಕನೆಯ ಡಿಸ್ಕ್

"ನನ್ನ ಡಿಸ್ಕನ್ನ ಸೇರಿಸ್ಬೇಡಿ" ಎಂದು ಹೆಂಡತಿ ಹೇಳಿದಾಗ ಎಡಿಟರನ ಬೆರಳು ಆಗಲೇ ಎಂಟರ್ ಕೀಲಿಯ ಮೇಲಿತ್ತು.

ಊರವರ ಮದುವೆ ವೀಡಿಯೋಗಳನ್ನು ಕತ್ತರಿಸಿ ಅಂಟಿಸುವುದು ಇಬ್ಬರದೂ ಕಸುಬು. ಅವನು ಕಂಪ್ಯೂಟರಿನಿಂದ ವಿಂಡೋಸ್ ಕಿತ್ತು, ಅದರ ಬದಲು ಲಿನಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಹಾಕಿದ್ದ. ತನ್ನ ಮೂರು ಡಿಸ್ಕ್, ಅವಳದೊಂದು, ಎಲ್ಲ ಕೂಡಿಸಿ ಒಂದೇ ದೊಡ್ಡ ಡಿಸ್ಕ್ ಮಾಡಿಬಿಟ್ಟರೆ ಯಾವ ಫೈಲು ಎಲ್ಲಿದೆ ಎಂಬ ದಿನದ ಜಗಳ ಮುಗಿಯುತ್ತದೆ ಎಂದುಕೊಂಡಿದ್ದ.

"ನಿನ್ನ ಫೈಲೆಲ್ಲ ಬೇರೆ ಕಡೆ ಕಾಪಿ ಮಾಡಿದೀನಿ ಕಣೇ. ಏನೂ ಹೋಗಲ್ಲ."

"ಸೇರಿಸಿದ್ಮೇಲೆ ನಂದೊಂದನ್ನ ವಾಪಸ್ ತೆಗೀಬೇಕು ಅಂದ್ರೆ?"

"ಒಂದು ತೆಗೆದ್ರೆ ಎಲ್ಲಾ ಕೈಕೊಡತ್ತೆ. ಅಷ್ಟಕ್ಕೂ ಯಾಕೆ ತೆಗೀತೀಯ?" ಅವನು ನಕ್ಕ.

ಅವಳು ನಗಲಿಲ್ಲ. ತನ್ನ ಡಿಸ್ಕಿನ ಕೇಬಲ್ ಬಿಡಿಸಿ, ಅದನ್ನು ಟವೆಲಿನಲ್ಲಿ ಜೋಪಾನವಾಗಿ ಸುತ್ತಿದಳು. ಅಕ್ಕನ ಮನೆಯಲ್ಲಿ ಎರಡು ದಿನ ಇದ್ದು ಬರುತ್ತೇನೆಂದು ಬೆಳಗ್ಗೆಯೇ ತುಂಬಿಸಿಟ್ಟ ಬ್ಯಾಗು ಬಾಗಿಲ ಬಳಿ ಇತ್ತು. ಡಿಸ್ಕಿಗೆ ಜಾಗ ಮಾಡಲು ಜಿಪ್ಪು ಎಳೆದಳು. ಸೆಕೆ ತಡೆಯಲಾರದೆ ಹಾಕಿದ್ದ ಫ್ಯಾನು ತಲೆಯ ಮೇಲೆ ಗಿರಗಿರನೆ ತಿರುಗುತ್ತಿತ್ತು. ಬ್ಯಾಗಿನ ತುಂಬ ಅವಳ ಚಳಿಗಾಲದ ಸ್ವೆಟರುಗಳಿದ್ದವು.