ಮಡಿಸಿದ ಮೂಲೆ

“ಮುನ್ನೂರು ಜನ ಅಸೈನ್‌ಮೆಂಟ್ ಹಾಕಿದಾರೆ. ನಿನಗೊಬ್ಬಳಿಗೇ ಏನಮ್ಮ ರೋಗ?” ಎಂದರು ವಿಶ್ವವಿದ್ಯಾಲಯದ ಆನ್‌ಲೈನ್ ವಿಭಾಗದ ಅಧಿಕಾರಿ.

“ಕಣ್ಣು ಕಾಣಲ್ಲ ಸರ್. ಫೋನು ಓದಿ ಹೇಳಿದ್ದನ್ನ ಕೇಳ್ಕೊಂಡು ಓದೋಳು ನಾನು. ನಿಮ್ಮ ಪೋರ್ಟಲ್‌ನಲ್ಲಿ ಯಾವ ಬಟನ್‌ಗೂ ಹೆಸರಿಲ್ಲ. ಬರೀ ಬಟನ್, ಬಟನ್ ಅಂತ ಬಡ್ಕೊಳ್ಳುತ್ತೆ. ಸಂಜೆಯೊಳಗೆ ಅಸೈನ್‌ಮೆಂಟ್ ಸೇರದಿದ್ರೆ ನನ್ನ ಒಂದು ವರ್ಷ ಹೋಗುತ್ತೆ.”

“ಅದು ಕಣ್ಣಿದ್ದೋರಿಗೆ ಮಾಡಿರೋದು. ಬೇಕಾದ್ರೆ ಅರ್ಜಿ ಕೊಟ್ಟು ಹೋಗು.”

ಶಾಂಭವಿ ಟೈಪು ಮಾಡಿಸಿ ತಂದಿದ್ದ ಹಾಳೆಗಳ ಕಟ್ಟನ್ನು ಮೇಜಿನ ಮೇಲಿಟ್ಟಳು. ಸಹಿಯ ಜಾಗ ಬೆರಳಿಗೆ ಗೊತ್ತಾಗಲೆಂದು ಮೇಲಿನ ಹಾಳೆಯ ಕೆಳಮೂಲೆ ಮಡಿಸಿದ್ದಳು.

“ಇಲ್ಲಿ ಸೈನು, ಸೀಲು ಬೇಕು ಸರ್. ಒಂದ್ಸಲ ಓದ್ಕೊಳ್ಳಿ.”

“ದಿನಕ್ಕೆ ಇನ್ನೂರು ಕಾಗದ ಬರ್ತಾವೆ. ಓದ್ತಾ ಕೂತ್ರೆ ಆದಂಗೇ,” ಎಂದು ಅವರು ಗೋಡೆ ಗಡಿಯಾರ ನೋಡುತ್ತಲೇ ಸಹಿ ಎಳೆದು, ಸೀಲು ಗುದ್ದಿ, ಮೇಲಿನ ಹಾಳೆಯನ್ನು ಅವಳತ್ತ ತಳ್ಳಿದರು. “ಹೊರಡು ಇನ್ನು.”

ಅವಳು ಕದಲಲಿಲ್ಲ. “ಓದದೆ ಕಾಗದ ತಗೊಂಡು ನನಗೆ ಅಭ್ಯಾಸ ಇಲ್ಲ ಸರ್,” ಎಂದು ಫೋನನ್ನು ಹಾಳೆಯ ಮೇಲೆ ಹಿಡಿದಳು.

ಫೋನು ಇಡೀ ಕಚೇರಿಗೆ ಕೇಳುವಂತೆ ಓದಿತು: “ಪೋರ್ಟಲಿನ ದೋಷ ನಮ್ಮದು. ಆದ್ದರಿಂದ ಈ ವಿದ್ಯಾರ್ಥಿನಿ ಇದರ ಜೊತೆ ಕೊಟ್ಟ ಅಸೈನ್‌ಮೆಂಟನ್ನು ಇಂದು ಕಾಗದದಲ್ಲೇ ಸ್ವೀಕರಿಸಿದ್ದೇನೆ.”