ಅನಿಯೆಲ್ಲೊ ಮಾಸ್ತರನ ಬೂದು ಕೋಟು

“ಕೆಳಗಿಡು ಅದನ್ನ,” ಎಂದ ಅನಿಯೆಲ್ಲೊ. “ಉಣ್ಣೆ ಬಟ್ಟೆ ಮೇಲೆ ಕಾದ ಇಸ್ತ್ರಿ ನೇರವಾಗಿ ಇಡೋಳು ಇಡೀ ನೇಪಲ್ಸಲ್ಲಿ ನೀನೊಬ್ಬಳೇ ಇರಬೇಕು.”

ಎರ್ಸಿಲಿಯಾ ಇಟ್ಟಿರಲಿಲ್ಲ, ಎತ್ತಿ ಹಿಡಿದಿದ್ದಳಷ್ಟೇ. ಹಾಗೆಂದು ಹೇಳಲಿಲ್ಲ. ಈ ಗಂಡನ ಜೊತೆ ಸಂಸಾರ ಮಾಡಿ ಬಾಯಿ ಮುಚ್ಚಿಕೊಂಡಿರುವುದರಲ್ಲಿ ಚೆನ್ನಾಗಿ ಪಳಗಿದ್ದಳು.

ಅನಿಯೆಲ್ಲೊ ದರ್ಜಿ. ಕೈ ಚಿನ್ನ, ಬಾಯಿ ಬಚ್ಚಲು. ಬೀದಿಯವರೆಲ್ಲ ಅವನನ್ನು ಮಾಸ್ತರ್ ಎನ್ನುತ್ತಿದ್ದರು; ಅವನು ಮಾತ್ರ ಯಾರನ್ನೂ ಲೆಕ್ಕಕ್ಕಿಡುತ್ತಿರಲಿಲ್ಲ. ಪಾದ್ರಿಯ ನಿಲುವಂಗಿಯನ್ನು ಆಲೂಗೆಡ್ಡೆ ಚೀಲ ಎಂದಿದ್ದ. ರೆಡಿಮೇಡ್ ಸೂಟು ತೊಟ್ಟು ಬಂದ ಮದುಮಗನೊಬ್ಬನನ್ನು ಚರ್ಚಿನ ಮೆಟ್ಟಿಲಲ್ಲೇ ಮೇಲಿಂದ ಕೆಳಗೆ ನೋಡಿ, ಹುಡುಗಿಗೆ ಇನ್ನೂ ಓಡಿಹೋಗಲು ಸಮಯವಿದೆ ಎಂದಿದ್ದ. ಇಂಥವನಿಗೂ ಕಾಯಿಲೆ ಬರಲಿ ಎಂದು ಯಾರೂ ಹಾರೈಸಬಾರದು. ಆದರೆ ಬಂದಿತ್ತು, ಬರಬಾರದ್ದೇ ಬಂದಿತ್ತು.

ಅವನೊಬ್ಬನನ್ನು ಬಿಟ್ಟು ಎಲ್ಲರಿಗೂ ಹೇಳಿಯಾಗಿತ್ತು. ಡಾಕ್ಟರು ಹೆಂಡತಿಯನ್ನು ಹೊರಗೆ ಕರೆದು ನಿಜ ಹೇಳಿದ, ಒಳಗೆ ಬಂದು ರೋಗಿಗೆ ಹೊಟ್ಟೆಯ ಹುಣ್ಣು ಎಂದ. ಮರ್ಯಾದಸ್ಥ ಡಾಕ್ಟರು ಮತ್ತೇನು ಮಾಡುತ್ತಾನೆ? ನಾದಿನಿ ಇಮ್ಮಾ ಮೂಗು ಒರೆಸಿಕೊಳ್ಳುತ್ತ ಎಚ್ಚರಿಸಿದ್ದಳು: “ಅತ್ತಿಗೆ, ಗೊತ್ತಾದ್ರೆ ಅಣ್ಣ ಅವತ್ತೇ ಗೋಡೆ ಕಡೆ ಮುಖ ಮಾಡಿ ಮಲಗಿಬಿಡ್ತಾನೆ. ಭಾನುವಾರದ ತನಕನಾದ್ರೂ ಬಾಯಿ ಬಿಡಬೇಡಿ.”

ಭಾನುವಾರ ಮೊಮ್ಮಗಳು ಚರ್ಚಿನಲ್ಲಿ ಮೊದಲ ಸಲ ಪರಮಪ್ರಸಾದ ತೆಗೆದುಕೊಳ್ಳುವ ದಿನ. ತಾತ ಮುಂದಿನ ಬೆಂಚಿನಲ್ಲಿ ಕೂತಿರಬೇಕು. ಎರ್ಸಿಲಿಯಾಗೆ ಬೇಕಾಗಿದ್ದದ್ದು ಅಷ್ಟೇ, ಆ ಒಂದು ಭಾನುವಾರ.

ಬೆಳಿಗ್ಗೆ ಅನಿಯೆಲ್ಲೊ ತಾನೇ ಎದ್ದು ಬೀರುವಿನಿಂದ ಮದುವೆಯ ಬೂದು ಕೋಟನ್ನು ತೆಗೆದು ಮೇಜಿನ ಮೇಲೆ ಎಸೆದಿದ್ದ. ಸ್ವಂತ ಕೈಯಿಂದ ಹೊಲಿದುಕೊಂಡದ್ದು. ಅದಕ್ಕೆ ಬೇರೆಯವರ ಬೆರಳು ಸೋಕಲು ಇದುವರೆಗೆ ಬಿಟ್ಟವನಲ್ಲ.

“ನೀನೇ ಮಾಡು,” ಎಂದಿದ್ದ. “ಇಷ್ಟು ವರ್ಷ ದರ್ಜಿ ಮನೇಲಿದ್ದು ಏನು ಕಲಿತಿದ್ದೀಯ ನೋಡೋಣ. ಆ ಮೂಲೆ ಡ್ರೈಕ್ಲೀನಿಂಗ್‌ನವನಿಗೆ ಕೊಟ್ರೆ ಹಪ್ಪಳ ಮಾಡಿ ವಾಪಸ್ ಕೊಡ್ತಾನೆ.”

ತಾನು ಮಾತ್ರ ಕುರ್ಚಿಯಲ್ಲಿ ಕಾಲು ಚಾಚಿ ಮಹಾರಾಜನ ಹಾಗೆ ಕೂತಿದ್ದ. ಈಗ ಎರ್ಸಿಲಿಯಾ ಇಸ್ತ್ರಿ ಕೆಳಗಿಟ್ಟು, ಮೊದಲು ಬ್ರಷ್ಷನ್ನು ಮೇಲಿನಿಂದ ಕೆಳಕ್ಕೆ ಎಳೆದಳು. ವಿನೆಗರ್ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕಾಲರಿನ ಜಿಡ್ಡು ತೆಗೆಯಹೊರಟಳು.

“ಒತ್ತೇ, ಒತ್ತು. ಬಾಣಲೆ ತಿಕ್ತಿದ್ದೀಯೇನು?”

ಒದ್ದೆ ಹತ್ತಿಬಟ್ಟೆ ಹಾಸಿ, ಇಸ್ತ್ರಿಯನ್ನು ಎಳೆಯದೆ, ಇಟ್ಟು ಎತ್ತಿ ಇಟ್ಟು ಎತ್ತಿ ತೋಳು ಮುಗಿಸಿದಳು. ತೋಳಿಗೆ ಗೆರೆ ಬಿದ್ದರೆ ನನ್ನ ಹೆಂಡತಿ ಅಂತ ಎಲ್ಲೂ ಹೇಳಿಕೊಳ್ಳಬೇಡ ಎಂದ. ಭುಜದ ಸಣ್ಣ ನೆರಿಗೆಗಳು ಮಲಗದ ಹಾಗೆ ಒಳಗೆ ದಿಂಬು ತುರುಕಿದಳು. ಆಗ ಬಾಯಿ ತಪ್ಪಿತು.

“ಭುಜ ಸ್ವಲ್ಪ ದೊಗಳೆ ಆಗುತ್ತೇನೋ ರೀ. ಒಂದು ಹೊಲಿಗೆ ಹಾಕಿದ್ರೆ...”

ತಾನೆಂಥ ದಡ್ಡಿ ಎಂದುಕೊಂಡಳು.

“ನಿನ್ನ ಬೀರುವಿನ ಥಂಡಿಗೆ ಬಟ್ಟೆ ಹಿಗ್ಗಿದೆ,” ಎಂದ ಅನಿಯೆಲ್ಲೊ. “ಆಗಾಗ ಗಾಳಿಗೆ ಹಾಕು ಅಂದ್ರೆ ಹಾಕಿದ್ಯಾ?”

ಎರ್ಸಿಲಿಯಾ ಉಸಿರು ಬಿಟ್ಟಳು. ದೇವರು ದೊಡ್ಡವನು. ಇಷ್ಟು ಸೊಕ್ಕಿರುವವನಿಗೆ ತನ್ನ ಮೈ ಇಳಿದದ್ದು ಕಾಣುವುದಿಲ್ಲ.

ಅವನ ಮುಂದೆ ಪಾಸ್ತಾ ತಟ್ಟೆ ಹಾಗೇ ಇತ್ತು. “ಎರಡು ತುತ್ತು ತಿನ್ನಿ ರೀ,” ಎಂದಳು.

“ಉಪ್ಪಿಲ್ಲ, ಹುಳಿಯಿಲ್ಲ. ನಾಯಿಗೆ ಹಾಕಿದ್ರೆ ಅದೂ ಮೂಸಲ್ಲ.”

ನೆಂಟರೆಲ್ಲ ಬೆರಳು ನೆಕ್ಕಿ ತಿನ್ನುವ ಸಾಸು ಅದು. ಅವಳು ಕೋಟಿನ ಎದೆಯ ಮೇಲೆ ಒದ್ದೆಬಟ್ಟೆ ಹಾಸಿದಳು. ಅವನ ನಾಲಿಗೆಗೆ ಬಿಡುವಿರಲಿಲ್ಲ.

“ಆ ಡಾಕ್ಟರ್ ಕೋಟು ನೋಡಿದ್ಯಾ? ಒಂದು ತೋಳು ಉದ್ದ, ಒಂದು ಗಿಡ್ಡ. ಅಂಥವನ ಮಾತು ನಂಬೋಕಾಗುತ್ತಾ?”

ಅವಳು ಒದ್ದೆಬಟ್ಟೆಯ ಅಂಚು ನೇರ ಮಾಡಿದಳು. “ಹುಣ್ಣು ಅಂದ್ರಲ್ಲ ರೀ.”

“ಹುಣ್ಣು ಅಂದ. ಸರಿ, ಹುಣ್ಣೇ ಇಟ್ಕೋ. ನಿನ್ನ ಅಡಿಗೆ ತಿಂದ ಹೊಟ್ಟೇಲಿ ಮತ್ತೇನಿರುತ್ತೆ?”

ಎರ್ಸಿಲಿಯಾಗೆ ಈಗ ನಿಜವಾಗಿ ಸಿಟ್ಟು ಬಂತು. ಹೋಗುವವನ ಮೇಲೆ ಸಿಟ್ಟಾಗಬಾರದು, ಆದರೂ ಬಂತು. ಒಂದೇ ಮಾತು ಸಾಕು, ಈ ಜಂಬವೆಲ್ಲ ಜರ್ರೆಂದು ಇಳಿದುಹೋಗುತ್ತದೆ ಎನ್ನಿಸಿತು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡಳು. ಭಾನುವಾರಕ್ಕಾಗಿ.

ಮುಂಭಾಗದಲ್ಲಿ ಉಳಿದದ್ದು ಕಾಲರಿನಿಂದ ಎದೆಯ ಮೇಲಕ್ಕೆ ಹೊರಳುವ ಮಡಿಕೆ. ಅದನ್ನು ಚಪ್ಪಟೆ ಒತ್ತಿದರೆ ಕೋಟು ಕೆಟ್ಟ ಹಾಗೇ. ತಾನಾಗಿ ಸುರುಳಿ ಬೀಳಬೇಕು. ಒಳಗಿನಿಂದ ಆವಿ ಕೊಟ್ಟು, ಬೆರಳಿಂದ ಮೆಲ್ಲನೆ ಹೊರಳಿಸಿ ಬಿಟ್ಟಳು. ಅನಿಯೆಲ್ಲೊ ಬಗ್ಗಿ ನೋಡಿದ. ಕಾಲರ್ ನೋಡಿದ, ಭುಜ ನೋಡಿದ. ತಪ್ಪು ಸಿಗಲಿಲ್ಲ.

“ಹೂಂ. ಪರವಾಗಿಲ್ಲ,” ಎಂದ. ಮದುವೆಯಾದಾಗಿನಿಂದ ಅವನ ಬಾಯಲ್ಲಿ ಅವಳಿಗೆ ಸಿಕ್ಕ ಮೊದಲ ಮೆಚ್ಚುಗೆ. ಅದಕ್ಕೂ ಒಂದು ಬಾಲ ಅಂಟಿಸಿದ: “ಅಂತೂ ಕಲಿತೆ. ಇನ್ನು ಇದನ್ನ ಯಾರ ಕೈಗೂ ಕೊಡಬೇಡ.”

ಎರ್ಸಿಲಿಯಾ ಕೋಟನ್ನು ಬೋರಲು ಹಾಕಿ ಬೆನ್ನಿನ ಮೇಲೆ ಒದ್ದೆಬಟ್ಟೆ ಹಾಸಿದಳು. “ಭಾನುವಾರ ಹಿಂದಿನ ಬೆಂಚಿನೋರಿಗೆಲ್ಲ ಕಾಣೋದು ಇದೇ ಅಲ್ವಾ,” ಎಂದು ಇಸ್ತ್ರಿ ಎತ್ತಿದಳು.

“ಬೆನ್ನಿಗೆ ಬೇಡ ಬಿಡೇ,” ಎಂದ ಅನಿಯೆಲ್ಲೊ. “ಭಾನುವಾರ ನೀಲಿ ಕೋಟು ಹಾಕ್ಕೊಂಡು ಬರ್ತೀನಿ. ಇದನ್ನ ನನಗೆ ತೊಡಿಸೋರು ಬೆನ್ನನ್ನ ಕತ್ತರೀಲಿ ಉದ್ದಕ್ಕೆ ಸೀಳಿಯೇ ತೊಡಿಸ್ತಾರೆ. ಹೆಣ ಕೈ ಮಡಚಲ್ವಲ್ಲ.”